ಒಂದು ಕೈಯಲ್ಲಿ ತಳ್ಳುವ ಗಾಡಿ

ಜನವರಿಯ ಒಂದು ಸಂಜೆ, ಗಾಂಧಿ ಬಜಾರಿನಿಂದ ಮನೆಗೆ ಬರುತ್ತಿದ್ದಾಗ ಪುಟ್ಟಿಯ ಗಾಡಿಯ ಮುಂದಿನ ಬಲಗಾಲಿ ಕಳಚಿ ಬಂತು. ಫುಟ್‌ಪಾತಿನ ಎರಡು ಚಪ್ಪಡಿಗಳ ನಡುವೆ ಎರಡು ಬೆರಳು ಹಿಡಿಸುವಷ್ಟು ಸಂದು. ಗಾಲಿ ಅದರಲ್ಲಿ ಕೂತುಬಿಟ್ಟಿತ್ತು. ಎಂದಿನಂತೆ ಹ್ಯಾಂಡಲ್ ಒತ್ತಿ ಮುಂಭಾಗವನ್ನು ಎತ್ತಲು ಹೋದೆ. ಟಕ್ಕೆಂದು ಸದ್ದಾಯಿತು, ಗಾಡಿ ಒಂದು ಪಕ್ಕಕ್ಕೆ ವಾಲಿತು. ಬೆಲ್ಟು ಹಾಕಿದ್ದರಿಂದ ಮಗು ಬೀಳಲಿಲ್ಲ. ಅವಳನ್ನು ಕಂಕುಳಿಗೇರಿಸಿಕೊಂಡು, ಅವರೆಕಾಯಿ ಚೀಲವನ್ನು ಹೆಗಲಿಗೆ ಹಾಕಿಕೊಂಡು, 11 ಕಿಲೋ ತೂಗುವ ಗಾಡಿಯನ್ನು ಇನ್ನೊಂದು ಕೈಯಲ್ಲಿ ಎಳೆಯುತ್ತಾ ಮನೆ ಸೇರುವ ಹೊತ್ತಿಗೆ ಕತ್ತಲಾಗಿತ್ತು. ನಮ್ಮದು ಎರಡನೇ ಮಹಡಿ. ಲಿಫ್ಟ್ ಇಲ್ಲ.

ಮರುದಿನ ಗಾಡಿಯನ್ನು ಬೀದಿಯ ಕೊನೆಯ ಸೈಕಲ್ ಷಾಪಿಗೆ ಒಯ್ದೆ. ಅಲ್ಲಿನ ಹುಡುಗ ಗಾಲಿಯನ್ನು ತಿರುಗಿಸಿ ನೋಡಿ, "ಕಬ್ಬಿಣ ಆಗಿದ್ರೆ ವೆಲ್ಡ್ ಮಾಡಿಸಿ ಕೊಡ್ತಿದ್ದೆ ಅಕ್ಕ. ಇದು ಪ್ಲಾಸ್ಟಿಕ್ಕು, ಸೀಳಿಹೋಗಿದೆ. ಗಾಲಿ ಸೆಟ್ಟೇ ತರಿಸ್ಬೇಕು" ಎಂದ. ಕಂಪನಿಗೆ ಫೋನ್ ಮಾಡಿದರೆ ಆ ಮಾದರಿಯೇ ನಿಂತುಹೋಗಿದೆ, ಬಿಡಿಭಾಗ ಸಿಗುವುದಿಲ್ಲ ಎಂದರು. ಒಂದು ಗಾಲಿಗಾಗಿ ಇಡೀ ಗಾಡಿ ಮೂಲೆ ಸೇರಿತು. ಆಗ ಪುಟ್ಟಿಗೆ 20 ತಿಂಗಳು.

ಆ ಗಾಡಿಯನ್ನು ನಾನು ಆರಿಸಿದ ಬಗೆಯನ್ನು ಹೇಳಬೇಕು. ಹೆರಿಗೆಗೆ ಮುಂಚೆ ಮಗುವಿಗೆಂದು ಏನನ್ನೂ ಕೊಳ್ಳಬಾರದು ಎಂದು ಅಮ್ಮ ಕಟ್ಟುನಿಟ್ಟಾಗಿ ಹೇಳಿದ್ದಳು. ಹಾಗಾಗಿ ಬಾಣಂತನದ ಎರಡನೇ ತಿಂಗಳಲ್ಲಿ, ತಲೆಗೆ ಬಟ್ಟೆ ಕಟ್ಟಿಕೊಂಡು ಹಾಸಿಗೆಯ ಮೇಲೆ ಮಲಗಿದ್ದಾಗ, ಫೋನಿನಲ್ಲಿ ಚಿತ್ರಗಳನ್ನು ನೋಡಿ ತರಿಸಿದ ಗಾಡಿ ಅದು. ಆಗ ನಾನು ಮನೆಯ ಹೊಸ್ತಿಲು ದಾಟಿ ಎಷ್ಟೋ ವಾರಗಳಾಗಿದ್ದವು. ನನ್ನ ಕಣ್ಣೆದುರು ಇದ್ದದ್ದು ಮಗು ಮಾತ್ರ, ರಸ್ತೆಯಲ್ಲ. ಮಗು ಅಂಗಾತ ಮಲಗುವಂತಿರಬೇಕು, ಮೆತ್ತನೆಯ ಹಾಸು ಇರಬೇಕು, ಅದರ ಮುಖ ನನ್ನ ಕಡೆ ಇರಬೇಕು. ಆ ವಯಸ್ಸಿಗೆ ಅದು ತಪ್ಪು ಆಯ್ಕೆಯಲ್ಲ ಎಂದು ಈಗಲೂ ಅನ್ನಿಸುತ್ತದೆ. ಕತ್ತು ನಿಲ್ಲದ ಕೂಸನ್ನು ಕೂರಿಸುವ ಗಾಡಿಯಲ್ಲಿ ಒಯ್ಯುವಂತಿಲ್ಲ. ಮುಖದ ದಿಕ್ಕಿನ ವಿಷಯವೂ ಹಾಗೆಯೇ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸುಝಾನ್ ಝೀಡಿಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಗು ತಮ್ಮತ್ತ ಮುಖ ಮಾಡಿ ಕೂತಾಗ ಹೆತ್ತವರು ಅದರ ಜೊತೆ ಸುಮಾರು ಎರಡರಷ್ಟು ಮಾತಾಡುತ್ತಾರೆ ಎಂದು ಕಂಡುಬಂದಿತ್ತು. ನಮ್ಮ ಪುಟ್ಟಿ 'ಕಾಕ', 'ಹೂ', 'ಬೌಬೌ' ಕಲಿತದ್ದು ಆ ಗಾಡಿಯಲ್ಲಿ ನನ್ನ ಮುಖ ನೋಡುತ್ತಲೇ.

ಆದರೆ ಅದು ಬೇರೆ ಯಾವುದೋ ಊರಿನ ರಸ್ತೆಗೆ ಮಾಡಿದ ಗಾಡಿ. ಅದು ತಿಳಿಯಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಹೊಸದು ಕೊಳ್ಳುವ ಮಾತು ಬಂದಾಗ ಅತ್ತೆ, "ನಡೆಯೋ ಮಗೂಗೆ ಇನ್ನು ಗಾಡಿ ಯಾಕಮ್ಮ? ನಾವೆಲ್ಲ ಸೊಂಟದ ಮೇಲೇ ಕೂರಿಸ್ಕೊಂಡು ಬೆಳೆಸ್ಲಿಲ್ವಾ?" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಇನ್ನೊಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ ಬಳಸುವ ವಸ್ತುವಿಗೆ ಆರೇಳು ಸಾವಿರ ಸುರಿಯಬೇಕೇ? ಸರಿ, ಮೂರು ವಾರ ಗಾಡಿಯಿಲ್ಲದೆ ಇದ್ದು ನೋಡೋಣ ಎಂದುಕೊಂಡೆ. ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ, ಪುಟ್ಟಿ ಹೊರಗೆ ಹೋದಾಗಲೆಲ್ಲ ಯಾರ ಜೊತೆ, ಎಲ್ಲಿಗೆ, ಎಲ್ಲಿಂದ ಎತ್ತಿಕೊಂಡು ಬಂದದ್ದು ಎಂದು ಗುರುತು ಹಾಕಿದೆ.

ಪುಟ್ಟಿ ಕೃಷ್ಣರಾವ್ ಪಾರ್ಕಿಗೆ ಹೋಗುವಾಗ ಕುಣಿಯುತ್ತಾ ನಡೆಯುತ್ತಿದ್ದಳು. ಬರುವಾಗ ಗೇಟಿನಿಂದ ಇಪ್ಪತ್ತು ಹೆಜ್ಜೆಗೆ ಎರಡೂ ಕೈ ಮೇಲೆತ್ತಿ ನಿಂತುಬಿಡುತ್ತಿದ್ದಳು. ಹತ್ತೂವರೆ ಕಿಲೋ ಮಗು. ನನ್ನ ಸೊಂಟ ಮೊದಲ ವಾರವೇ ದೂರು ಹೇಳಿತು. ಆದರೂ ಕ್ಯಾಲೆಂಡರ್ ನನಗೆ ತೋರಿಸಿದ್ದು ಸೊಂಟದ ಲೆಕ್ಕವನ್ನಲ್ಲ. ಆ ಮೂರು ವಾರಗಳಲ್ಲಿ ಅತ್ತೆಯ ಹೆಸರು ಒಂದು ಸಲವೂ ಇರಲಿಲ್ಲ. ಮೊದಲೆಲ್ಲ ನಮ್ಮವರು ಆಫೀಸಿಗೆ ಹೊರಡುವಾಗ ಗಾಡಿಯನ್ನು ಕೆಳಗಿಳಿಸಿಟ್ಟು ಹೋಗುತ್ತಿದ್ದರು, ಅತ್ತೆ ಮೊಮ್ಮಗಳನ್ನು ಕೂರಿಸಿಕೊಂಡು ಪಾರ್ಕಿಗೆ ಹೋಗಿ ಬರುತ್ತಿದ್ದರು. ಅವರಿಗೆ ಬಲ ಮಣಿಕಟ್ಟಿನ ನೋವು. ಎತ್ತಿಕೊಂಡು ಬರಲು ಆಗುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳದೆ, ಸುಮ್ಮನೆ ಹೋಗುವುದನ್ನೇ ಬಿಟ್ಟಿದ್ದರು. ಗಾಡಿ ಬೇಡ ಎಂದವರು ಅವರೇ. ಗಾಡಿ ಹೆಚ್ಚು ಬೇಕಾಗಿದ್ದದ್ದೂ ಅವರಿಗೇ.

ಹಾಗಾಗಿ ಈ ಸಲ ಮಗುವಿನ ಅಳತೆ ನೋಡುವುದಕ್ಕೆ ಮುಂಚೆ ಅತ್ತೆಯ ಅಳತೆ ನೋಡಿದೆವು. ಅವರು ಐದಡಿಗಿಂತ ಸ್ವಲ್ಪ ಎತ್ತರ, ನಮ್ಮವರು ಆರಡಿ. ಹ್ಯಾಂಡಲ್ಲು ಅತ್ತೆಯ ಮೊಣಕೈಗಿಂತ ತುಸು ಕೆಳಗೆ ಬಂದರೆ ಮಣಿಕಟ್ಟು ಮಡಚದೆ ತಳ್ಳಬಹುದು. ಅಗತ್ಯವಿದ್ದಾಗ ಅದನ್ನು ಏರಿಸಿ ಇಳಿಸಲು ಬಂದರೆ ಇನ್ನೂ ಒಳ್ಳೆಯದು. ಮಡಚಿದ ಗಾಡಿಯನ್ನು ಹೆಗಲಿಗೆ ನೇತುಹಾಕಲು ಪಟ್ಟಿ ಇರಬೇಕು, ಏಕೆಂದರೆ ಮೆಟ್ಟಿಲಿಳಿಯುವಾಗ ಒಂದು ಕೈಯಲ್ಲಿ ಮಗುವಿನ ಕೈ ಇರುತ್ತದೆ. ತೂಕ ಏಳು ಕಿಲೋ ದಾಟಕೂಡದು.

ಒಂದು ಭಾನುವಾರ ಅತ್ತೆ, ನಾನು, ಪುಟ್ಟಿ ಮೂವರೂ ಅಂಗಡಿಗೆ ಹೋದೆವು. ಅಂಗಡಿಯ ನೆಲ ಕನ್ನಡಿಯಂಥ ಟೈಲ್ಸು. ಅದರ ಮೇಲೆ ಖಾಲಿ ಗಾಡಿಗಳೆಲ್ಲ ನೀರಿನ ಮೇಲಿನ ದೋಣಿಯಂತೆ ಜಾರಿದವು. ಅದರಿಂದ ಏನೂ ತಿಳಿಯುವುದಿಲ್ಲ. ಒಂದು ಅಂಗಡಿಯವರು ಗಾಡಿ ಹೊರಗೆ ತೆಗೆಯಲು ಒಪ್ಪಲಿಲ್ಲ. ಎರಡನೆಯವರು, "ಆಗಲಿ ಮೇಡಂ, ನಮ್ಮ ಹುಡುಗನ್ನ ಜೊತೇಲಿ ಕಳಿಸ್ತೀನಿ" ಎಂದರು. ಆ ಮಹಾರಾಯರಿಗೆ ನಾನು ಋಣಿ. ಪುಟ್ಟಿಯನ್ನು ಕೂರಿಸಿ, ಅಂಗಡಿಯೆದುರಿನ ಫುಟ್‌ಪಾತಿನ ಮೇಲೆ, ಮರದ ಬೇರು ಎಬ್ಬಿಸಿದ್ದ ಚಪ್ಪಡಿಗಳ ಮೇಲೆ, ಒಂದೊಂದೇ ಗಾಡಿಯನ್ನು ತಳ್ಳಿ ನೋಡಿದೆವು.

ಮೊದಲು ಹಗುರವಾದ, ಕೊಡೆಯಂತೆ ಮಡಚುವ ಗಾಡಿ. ಅದರ ಹುಟ್ಟಿನ ಕಥೆ ನನಗೆ ಇಷ್ಟ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಗಾಲಿಗಳು ಹಾರುವಾಗ ಮಡಚಿಕೊಳ್ಳುವ ವ್ಯವಸ್ಥೆಯ ಮೇಲೆ ಕೆಲಸ ಮಾಡಿದ್ದ ಓವನ್ ಮೆಕ್ಲಾರೆನ್ ಎಂಬ ಬ್ರಿಟಿಷ್ ಎಂಜಿನಿಯರ್, ತಾತನಾದ ಮೇಲೆ ಮೊಮ್ಮಗುವಿನ ಭಾರದ ಗಾಡಿಯನ್ನು ನೋಡಿ, ಅಲ್ಯೂಮಿನಿಯಂ ಕೊಳವೆಗಳಿಂದ ಮಡಚುವ ಗಾಡಿಯನ್ನು ರೂಪಿಸಿದ. 1965ರಲ್ಲಿ ಅದಕ್ಕೆ ಪೇಟೆಂಟಿನ ಅರ್ಜಿ ಹಾಕಿದ. ಅದರ ತೂಕ ಮೂರು ಕಿಲೋಗೂ ಕಡಿಮೆ. ಮೆಟ್ಟಿಲ ಮನೆಯವರಿಗೆ ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡೇ ಹಿಡಿದೆ. ಆದರೆ ಅದಕ್ಕೆ ಎರಡು ಕೊಡೆಗಳ ಹಿಡಿಯಂತೆ ಎರಡು ಬೇರೆ ಬೇರೆ ಹ್ಯಾಂಡಲ್ಲು. ಒಂದು ಕೈ ಬಿಟ್ಟ ಕೂಡಲೇ ಗಾಡಿ ಓರೆಯಾಗಿ ಚರಂಡಿಯ ಕಡೆ ತಿರುಗಿತು.

ನಮ್ಮ ಊರಿನಲ್ಲಿ ರಸ್ತೆ ದಾಟುವುದು ಹೇಗೆಂದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಸಿಗ್ನಲ್ ಇಲ್ಲದ ಕಡೆ ಒಂದು ಕೈಯನ್ನು ಎತ್ತಿ, ಅಂಗೈ ತೋರಿಸಿ, ಬರುವ ವಾಹನವನ್ನು ನಿಲ್ಲಿಸಿಕೊಂಡೇ ಹೆಜ್ಜೆ ಇಡಬೇಕು. ಗಾಡಿಗೆ ಉಳಿಯುವುದು ಒಂದೇ ಕೈ. ಮಳೆಯಲ್ಲಿ ಇನ್ನೊಂದು ಕೈ ಕೊಡೆಗೆ, ಅತ್ತೆಯ ವಿಷಯದಲ್ಲಿ ಸೀರೆಯ ನೆರಿಗೆಗೆ. ಒಂದೇ ಉದ್ದ ಕಂಬಿಯ ಹ್ಯಾಂಡಲ್ ಇದ್ದರೆ ಮಾತ್ರ ನಡುವೆ ಒಂದು ಕೈ ಇಟ್ಟು ನೇರ ತಳ್ಳಬಹುದು. ನಾನು ಓದಿದ ಯಾವ ಜಾಹೀರಾತಿನಲ್ಲೂ ಈ ಮಾತು ಇರಲಿಲ್ಲ. ನನ್ನ ಮಟ್ಟಿಗೆ ಇದೇ ಮೊದಲ ಪರೀಕ್ಷೆ: ಮಗು ಕೂತಿರುವಾಗ ಒಂದು ಕೈಯಲ್ಲಿ ತಳ್ಳಿದರೆ ನೇರ ಹೋಗುತ್ತದೆಯೇ?

ರಸ್ತೆ ದಾಟುವುದರಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ನಾನು ಹಳೆಯ ಗಾಡಿಯಲ್ಲಿ ಎದೆ ಝಲ್ಲೆಂದ ಮೇಲೆ ಕಲಿತೆ. ನಿಂತ ಎರಡು ಕಾರುಗಳ ನಡುವಿನಿಂದ ಹೊರಬರುವಾಗ ನಮ್ಮ ಕಣ್ಣಿಗೆ ರಸ್ತೆ ಕಾಣುವ ಮೊದಲೇ ಗಾಡಿಯ ಮೂತಿ, ಅಂದರೆ ಮಗು, ರಸ್ತೆಗೆ ಇಳಿದಿರುತ್ತದೆ. ಈಗ ಅಂಥ ಕಡೆ ಗಾಡಿಯನ್ನು ತಿರುಗಿಸಿ, ನಾನು ಮುಂದಾಗಿ, ಅದನ್ನು ಹಿಂದೆ ಎಳೆದುಕೊಂಡು ಹೋಗುತ್ತೇನೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಪಾದಚಾರಿ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದ ನಡೆದಾರಿ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ದಾಟಬಾರದು. ಅಷ್ಟು ಸಿಕ್ಕಿದರೆ ಯಾವ ಗಾಡಿಯೂ ನಡೆದೀತು. ನಮ್ಮ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಉಳಿದಿರುವುದು ಎರಡಡಿ. ನಾನು ಟೇಪು ಹಿಡಿದು ಅಳೆದೆ: 62 ಸೆಂಟಿಮೀಟರ್. ಹಳೆಯ ಗಾಡಿ 60 ಇತ್ತು, ಪ್ರತಿ ಸಲ ಬೆರಳ ಗೆಣ್ಣು ಗೋಡೆಗೆ ಸವರುತ್ತಿತ್ತು. 50ರ ಒಳಗಿನದೇ ಬೇಕು ಎಂದು ಅಲ್ಲಿಯೇ ತೀರ್ಮಾನಿಸಿದ್ದೆ. ಹಾಗೆಂದು ಗಾಲಿ ಚಿಕ್ಕದಾಗಬಾರದು. ಜೋಡಿಜೋಡಿಯಾಗಿ ಇರುವ ಪುಟಾಣಿ ಗಾಲಿಗಳು ಚಪ್ಪಡಿಯ ಸಂದಿಗೆ ಇಳಿದು ಅಲ್ಲೇ ಕೂರುತ್ತವೆ. ಅಂಗೈ ಚಾಚಿದಷ್ಟು ಅಗಲದ ಒಂಟಿ ಗಾಲಿ ಸಂದನ್ನು ಹಾದು ಹೋಗುತ್ತದೆ. ಮುಂದಿನ ಗಾಲಿ ಅತ್ತಿತ್ತ ತಿರುಗದಂತೆ ಲಾಕ್ ಮಾಡುವ ಗುಂಡಿ ಇದ್ದರೆ ಪಾರ್ಕಿನ ಮಣ್ಣಿನ ದಾರಿಗೂ ಆಯಿತು. ಮತ್ತು ಗಾಲಿಯನ್ನು ನಾವೇ ಕಳಚಿ ಹಾಕುವಂತಿರಬೇಕು, ಬಿಡಿಯಾಗಿ ಸಿಗಬೇಕು. ಅಂಗಡಿಯವರ ಕೈಯಲ್ಲೇ ಕಂಪನಿಗೆ ಫೋನ್ ಮಾಡಿಸಿ, ಗಾಲಿ ಸಿಗುತ್ತದೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬಿಲ್ಲು ಹಾಕಿಸಿದೆ.

ಆಸನದ ಎತ್ತರವನ್ನೂ ನೋಡಿದೆವು. ತೀರಾ ತಗ್ಗಿನ ಗಾಡಿಗಳಲ್ಲಿ ಮಗುವಿನ ಮುಖ ನೇರವಾಗಿ ಆಟೋ, ಸ್ಕೂಟರುಗಳ ಹೊಗೆಯ ಎದುರಿಗೆ ಬರುತ್ತದೆ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಗಾಡಿಯಲ್ಲಿ ಕೂತ ಮಗುವಿಗೆ ತಳ್ಳುವ ದೊಡ್ಡವರಿಗಿಂತ ಶೇ. 44ರವರೆಗೆ ಹೆಚ್ಚು ಮಾಲಿನ್ಯ ತಟ್ಟಬಹುದು. ನಾಲ್ಕು ಬೆರಳು ಎತ್ತರ ಸಿಕ್ಕಿದ್ದರಿಂದ ಹೊಗೆ ತಪ್ಪೀತು ಎಂಬ ಭ್ರಮೆ ನನಗಿಲ್ಲ. ದಾರಿಯನ್ನೇ ಬದಲಿಸಿದೆವು, ಮುಖ್ಯ ರಸ್ತೆ ಬಿಟ್ಟು ಒಳಗಿನ ಅಡ್ಡರಸ್ತೆಗಳಲ್ಲಿ, ಐದು ನಿಮಿಷ ಹೆಚ್ಚಾದರೂ ಸರಿ, ಹೋಗಿ ಬರುತ್ತೇವೆ.

ಮಡಚುವ ಕೀಲುಗಳಿಗೆ ನಾನು ಹೆದರುತ್ತೇನೆ. 2009ರಲ್ಲಿ ಅಮೆರಿಕದಲ್ಲಿ, ಬಿಡಿಸುವಾಗ ಕೀಲಿಗೆ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾದ ದೂರುಗಳಿಂದಾಗಿ, ಸುಮಾರು 10 ಲಕ್ಷ ಗಾಡಿಗಳಿಗೆ ಕೀಲಿನ ಮೇಲೆ ಹಾಕುವ ಹೊದಿಕೆ ಕಳಿಸಬೇಕಾಯಿತು. ಪುಟ್ಟಿಗೆ ಎಲ್ಲ ಸಂದಿಯಲ್ಲೂ ಬೆರಳು ಹಾಕುವ ವಯಸ್ಸು. ಅಂಗಡಿಯಲ್ಲಿ ಪ್ರತಿ ಗಾಡಿಯ ಕೀಲಿಗೆ ಪೆನ್ಸಿಲ್ ಹಾಕಿ ಮಡಚಿ ನೋಡಿದೆ. ಎರಡರಲ್ಲಿ ಪೆನ್ಸಿಲ್ ಮುರಿಯಿತು, ಆ ಎರಡನ್ನೂ ಬಿಟ್ಟೆವು. ಮನೆಯಲ್ಲಿ ಈಗ ಒಂದು ನಿಯಮ: ಗಾಡಿ ಬಿಚ್ಚುವಾಗ, ಮಡಚುವಾಗ ಮಗು ಮೂರು ಹೆಜ್ಜೆ ದೂರ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಅವಳು ಅದನ್ನು ಆಟವೆಂದುಕೊಂಡು ತಾನೇ ಓಡಿಹೋಗಿ ನಿಲ್ಲುತ್ತಾಳೆ.

ಕೊನೆಗೆ ತಂದ ಗಾಡಿ 6.8 ಕಿಲೋ, 48 ಸೆಂಟಿಮೀಟರ್ ಅಗಲ, ಒಂದೇ ಕಂಬಿಯ ಹ್ಯಾಂಡಲ್, ಐದು ಕಡೆ ಹಿಡಿಯುವ ಬೆಲ್ಟು, ಪುಟ್ಟಿಯ ತಲೆಯ ಮೇಲೆ ಇನ್ನೂ ಒಂದು ಗೇಣು ಉಳಿಯುವ ಬೆನ್ನೊರಗು. ಕಳೆದುಕೊಂಡದ್ದೂ ಇದೆ. ಅವಳ ಮುಖ ಈಗ ರಸ್ತೆಯ ಕಡೆ. ನನಗೆ ಕಾಣುವುದು ಹುಡ್ಡಿನ ಕಿಟಕಿಯಿಂದ ನೆತ್ತಿ ಮಾತ್ರ. ಅದಕ್ಕಾಗಿ ಮೊದಲ ವಾರ ನಿಜವಾಗಿ ಸಂಕಟಪಟ್ಟೆ. ಈಗ ಪ್ರತಿ ತಿರುವಿನಲ್ಲಿ ನಿಂತು, ಬ್ರೇಕು ಒತ್ತಿ, ಮುಂದೆ ಬಂದು ಕುಕ್ಕರಗಾಲಲ್ಲಿ ಕೂತು ಎರಡು ಮಾತಾಡಿ ಹೊರಡುತ್ತೇನೆ.

ಹಳೆಯದರಲ್ಲಿ ಕಲಿತ ಎರಡು ಪಾಠಗಳು ಹೊಸದಕ್ಕೂ ಬಂದವು. ಒಮ್ಮೆ ಹ್ಯಾಂಡಲ್ಲಿಗೆ ತರಕಾರಿ ಚೀಲ ನೇತುಹಾಕಿ ಮಗುವನ್ನು ಎತ್ತಿಕೊಂಡೆ. ಎತ್ತಿದ ಕ್ಷಣಕ್ಕೇ ಗಾಡಿ ಹಿಂದಕ್ಕೆ ಮಗುಚಿತು. ಮಗು ಅದರಲ್ಲೇ ಇದ್ದು ಬೆಲ್ಟು ಬಿಚ್ಚಿದ್ದರೆ? ಆ ದಿನದಿಂದ ಚೀಲ ಕೆಳಗಿನ ಬುಟ್ಟಿಗೇ. ಇನ್ನೊಂದು, ಏಪ್ರಿಲ್ ಬಿಸಿಲಿಗೆ ಗಾಡಿಯ ಮೇಲೆ ದುಪಟ್ಟಾ ಹೊದಿಸುವ ಅಭ್ಯಾಸ. ನೆರಳಾಯಿತೆಂದು ನಾವು ಅಂದುಕೊಳ್ಳುತ್ತೇವೆ, ಒಳಗೆ ಗಾಳಿಯಾಡದೆ ಕಾವು ಏರುತ್ತದೆ. ಒಮ್ಮೆ ಬಟ್ಟೆ ಸರಿಸಿದಾಗ ಪುಟ್ಟಿಯ ಕತ್ತು ಬೆವರಿನಿಂದ ತೊಯ್ದಿತ್ತು, ಮುಖ ಕೆಂಪಗಾಗಿತ್ತು. ಬಿಸಿಲು ಏರಿದ ಮೇಲೆ ಹೊರಗೆ ಒಯ್ಯದಿರುವುದೇ ಸರಿ.

ಹೊಸ ಗಾಡಿ ಬಂತೆಂದು ಅವಳನ್ನು ಹೊತ್ತುಹೊತ್ತಿಗೂ ಅದರಲ್ಲಿ ಕೂರಿಸುವುದಿಲ್ಲ. ಐದು ವರ್ಷದೊಳಗಿನ ಮಕ್ಕಳನ್ನು ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೀಗೆ ಕಟ್ಟಿ ಕೂರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಹೋಗುವಾಗ ಅವಳು ನಡೆಯುತ್ತಾಳೆ, ಗಾಡಿ ಖಾಲಿ ಉರುಳುತ್ತದೆ. ಬರುವಾಗ ಅವಳು ನಿದ್ದೆಯಲ್ಲಿ, ಬುಟ್ಟಿಯಲ್ಲಿ ಸೊಪ್ಪು.

ಮೊನ್ನೆ ಬುಧವಾರ ಬೆಳಿಗ್ಗೆ ನಾನು ಫೋನಿನಲ್ಲಿ ಆಫೀಸಿನ ಮಾತು ಮುಗಿಸಿ ಹೊರಬಂದರೆ ಮನೆ ನಿಶ್ಶಬ್ದವಾಗಿತ್ತು. ಬಾಗಿಲ ಹಿಂದಿನ ಮೊಳೆಯಲ್ಲಿ ಗಾಡಿ ಇರಲಿಲ್ಲ, ಪುಟ್ಟಿಯ ಚಪ್ಪಲಿಯೂ ಇರಲಿಲ್ಲ. ಬಾಲ್ಕನಿಗೆ ಓಡಿದೆ. ಕೆಳಗೆ, ಬೀದಿಯ ತಿರುವಿನಲ್ಲಿ, ಅತ್ತೆ ರಸ್ತೆ ದಾಟುತ್ತಿದ್ದರು. ಎಡಗೈ ಗಾಡಿಯ ಕಂಬಿಯ ನಟ್ಟನಡುವೆ. ನೋವಿನ ಬಲಗೈಯನ್ನು ಎತ್ತಿ ಅಂಗೈ ತೋರಿಸಿದ್ದರು. ಆಟೋ ಒಂದು ನಿಂತಿತ್ತು.