ಗಣಕಯಂತ್ರದ ಕೆಂಪು ಶಾಯಿ

ಉತ್ತರಪತ್ರಿಕೆಗಳನ್ನು ತಿದ್ದುವಾಗ ಉಪಾಧ್ಯಾಯಿನಿಯರು ಕೆಂಪು ಶಾಯಿಯನ್ನು ಉಪಯೋಗಿಸುವದು ಅಂದಕ್ಕಾಗಿ ಅಲ್ಲ. ತಪ್ಪು ಎಲ್ಲಿರುವದೆಂಬದು ಒಂದೇ ನೋಟಕ್ಕೆ ತಿಳಿಯಲೆಂದು. ಇದೇ ಯುಕ್ತಿಯನ್ನು ಗಣಕಯಂತ್ರದಲ್ಲಿ ಬಳಸುವ ಬಗೆಯನ್ನು ಈ ಪಾಠದಲ್ಲಿ ವಿವರಿಸುವೆನು. ಕರಜಗಿಯಂಥ ಊರಿನ ಹುಡುಗಿಯರೂ ಓದಿ ಚಿಪ್ ವಿನ್ಯಾಸದ ಉದ್ಯೋಗಕ್ಕೆ ಸೇರಬಹುದಾದ ಕಾಲವಿದು. ಆದಕಾರಣ ತಾಯಿತಂದೆಗಳಿಗೂ ಇದರ ಪರಿಚಯವಿರುವದು ಒಳ್ಳೆಯದು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಅಂದಿನಿಂದ ಈ ಉದ್ಯೋಗವು ನಮ್ಮ ರಾಜ್ಯದಲ್ಲಿ ಬೆಳೆಯುತ್ತ ಬಂದಿದೆ. ವಿನ್ಯಾಸಕಾರರು ಇಂದು ಇಡೀ ಮಂಡಲವನ್ನು ಕೈಯಿಂದ ಬಿಡಿಸುವದಿಲ್ಲ; ವೆರಿಲಾಗ್ ಮೊದಲಾದ ಭಾಷೆಗಳಲ್ಲಿ ಬರೆಯುತ್ತಾರೆ. ಹೀಗೆ ಬರೆದುದನ್ನು ಪರೀಕ್ಷಿಸುವ ಸಾಧನಗಳಲ್ಲಿ ಇಕಾರಸ್ ವೆರಿಲಾಗ್ ಎಂಬದು ಒಂದು. ಅದು ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಅಪ್ಪಣೆಯನ್ನು ಅಕ್ಷರಗಳಲ್ಲಿ ಬರೆದುಕೊಟ್ಟರೆ ಅದು ಉತ್ತರವನ್ನೂ ಅಕ್ಷರಗಳಲ್ಲಿಯೇ ಕೊಡುವದು.

ಎಂಟು ತಂತಿಗಳು ಬೇಕಾದ ಕಡೆ ನಾಲ್ಕನ್ನೇ ಜೋಡಿಸಿದೆವೆನ್ನಿರಿ. ಸಾಧನವು ಒಂದು ಸಾಲಿನ ಎಚ್ಚರಿಕೆಯನ್ನು ಬರೆದು ಮುಂದೆ ಸಾಗುವದು. ನೂರಾರು ಸಾಲುಗಳ ನಡುವೆ ಆ ಒಂದು ಸಾಲು ಕಣ್ತಪ್ಪಿದರೆ ಗತಿಯೇನು? ಪ್ರೋಗ್ರಾಮಿನ ತಪ್ಪನ್ನು ನಾಳೆ ತಿದ್ದಬಹುದು. ಸಿಲಿಕಾನಿನಲ್ಲಿ ಒಮ್ಮೆ ಮೂಡಿದ ತಪ್ಪನ್ನು ಅಳಿಸಲಾಗದು. ಹಣವೂ ತಿಂಗಳುಗಟ್ಟಲೆ ಶ್ರಮವೂ ವ್ಯರ್ಥವಾಗುವವು.

ಉಪಾಯವು ಸುಲಭವಾದದ್ದು. ಪರದೆಯ ಅಕ್ಷರಗಳಿಗೆ ಬಣ್ಣ ಕೊಡುವ ಸಂಕೇತಗಳನ್ನು ಅಮೇರಿಕೆಯ ಮಾನಕ ಸಂಸ್ಥೆಯು 1979ರಲ್ಲಿ ಗೊತ್ತುಪಡಿಸಿತು. ಎಸ್ಕೇಪ್ ಎಂಬ ಕಾಣದ ಅಕ್ಷರ, ಅನಂತರ ಚೌಕ ಆವರಣದ ಎಡಗುರುತು, ಅನಂತರ ಒಂದು ಸಂಖ್ಯೆ, ಕಡೆಗೆ ‘ಎಮ್’ ಎಂಬ ಇಂಗ್ಲಿಷ್ ಅಕ್ಷರ: ಇದೇ ಸಂಕೇತದ ರೂಪ. ಸಂಖ್ಯೆಯು 31 ಆದರೆ ಕೆಂಪು, 32 ಆದರೆ ಹಸಿರು, 33 ಆದರೆ ಹಳದಿ. 0 ಆದರೆ ಮೊದಲಿನ ಬಣ್ಣ. ಸಾಧನದ ಉತ್ತರವನ್ನು ಸಾಲುಸಾಲಾಗಿ ಓದುವ ಚಿಕ್ಕದೊಂದು ಪ್ರೋಗ್ರಾಮನ್ನು ಬರೆದು, ‘ಎರರ್’ ಎಂಬ ಶಬ್ದವಿದ್ದ ಸಾಲಿನ ಮುಂದೆ 31ರ ಸಂಕೇತವನ್ನೂ ಕೊನೆಗೆ 0ಯ ಸಂಕೇತವನ್ನೂ ಇಡತಕ್ಕದ್ದು. ‘ವಾರ್ನಿಂಗ್’ ಇದ್ದ ಸಾಲಿಗೆ 33. ಕೊನೆಯ 0ಯನ್ನು ಮರೆತರೆ, ದೌತಿ ಉರುಳಿದಂತೆ ಮುಂದಿನದೆಲ್ಲವೂ ಕೆಂಪಾಗುವದು.

ಇಲ್ಲಿ ಎರಡು ಎಚ್ಚರಗಳು ಅವಶ್ಯ. ಮೊದಲನೆಯದು: ಉತ್ತರವನ್ನು ಪರದೆಗೆ ಕಳುಹಿಸದೆ ಫೈಲಿನಲ್ಲಿ ಸೇರಿಸಿದರೆ, ಈ ಸಂಕೇತಗಳು ಅಲ್ಲಿ ಕಸದಂತೆ ಕೂಡಿಕೊಳ್ಳುವವು. ಆದ್ದರಿಂದ ಎದುರಿಗಿರುವದು ಪರದೆಯೋ ಫೈಲೋ ಎಂದು ಪ್ರೋಗ್ರಾಮು ಮೊದಲು ವಿಚಾರಿಸಿಕೊಂಡು, ಪರದೆಯಿದ್ದರೆ ಮಾತ್ರ ಬಣ್ಣ ಹಚ್ಚಬೇಕು.

ಎರಡನೆಯದನ್ನು ನಾನು ನಾಚಿಕೆಪಟ್ಟು ಕಲಿತೆನು. ನನ್ನ ಮೊದಲ ಪ್ರೋಗ್ರಾಮಿನಲ್ಲಿ ‘ಎರರ್’, ‘ವಾರ್ನಿಂಗ್’ ಎಂಬ ಶಬ್ದಗಳನ್ನು ತೆಗೆದುಹಾಕಿ ಬಣ್ಣಗಳನ್ನಷ್ಟೇ ಉಳಿಸಿದ್ದೆನು. ಶಾಲೆಯ ಪ್ರದರ್ಶನಕ್ಕೆ ಬಂದ ಒಬ್ಬ ವಿದ್ಯಾರ್ಥಿನಿಯ ತಂದೆಯವರು ಬಹಳ ಹೊತ್ತು ನೋಡಿ, “ಅಕ್ಕೋರೆ, ತಪ್ಪು ಯಾವುದು, ಸರಿ ಯಾವುದು? ನನಗೆ ಎಲ್ಲಾ ಒಂದೇ ಬಣ್ಣ ಕಾಣತಾವ” ಎಂದರು. ರಸಾಯನಶಾಸ್ತ್ರಜ್ಞನಾದ ಜಾನ್ ಡಾಲ್ಟನನು 1794ರಲ್ಲಿ ತನ್ನ ಕಣ್ಣಿನ ಇಂಥದೇ ದೋಷವನ್ನು ವಿವರಿಸಿದ್ದನು. ಕೆಂಪು ಹಸಿರುಗಳ ಭೇದ ತಿಳಿಯದ ಈ ದೋಷವು ಹೆಚ್ಚಾಗಿ ಗಂಡಸರಲ್ಲಿರುವದು. ಅದು ಅವರಿಗೆ ತಾಯಿಯ ಕಡೆಯಿಂದ ಬರುವದು. ಇದೆಲ್ಲವನ್ನೂ ತರಗತಿಯಲ್ಲಿ ಪಾಠ ಹೇಳಿದ್ದ ನಾನೇ ಮರೆತಿದ್ದೆನು! ಆ ಸಂಜೆಯೇ ಶಬ್ದಗಳನ್ನು ಮರಳಿ ಸೇರಿಸಿದೆನು.

ಬಣ್ಣವು ಕಣ್ಣನ್ನು ಕರೆಯಲಿ. ಅರ್ಥವನ್ನು ಶಬ್ದವೇ ಹೇಳಲಿ. ಕೆಂಪು ಗೆರೆಯನ್ನೆಳೆದ ಉಪಾಧ್ಯಾಯಿನಿಯೂ ಬದಿಗೆ ಸರಿಯಾದ ಪದವನ್ನು ಬರೆಯದಿದ್ದರೆ ಮಗುವು ಕಲಿಯುವದೇನು?

ಅಭ್ಯಾಸ: (1) 0 ಸಂಖ್ಯೆಯ ಸಂಕೇತವನ್ನು ಬಿಟ್ಟರೆ ಏನಾಗುವದು? (2) ನಿಮ್ಮ ಮನೆಯಲ್ಲಿ ಬಣ್ಣದಿಂದ ಮಾತ್ರ ಗುರುತಿಸುವ ವಸ್ತುಗಳಾವವು? ಬಣ್ಣ ಕಾಣದವರಿಗೆ ಅವುಗಳನ್ನು ಹೇಗೆ ತಿಳಿಯಪಡಿಸುವಿರಿ?