ನಾಯಿಯು ನಮ್ಮ ಗುಳಿಗೆ ನುಂಗಿದರೆ

ಕೊಚ್ಚಿ, ತಿರುವನಂತಪುರಗಳ ಬಾಡಿಗೆ ಕೋಣೆಗಳಲ್ಲಿ ನಾವು ಗುಳಿಗೆಗಳನ್ನು ಇಡುವುದು ತಲೆದಿಂಬಿನ ಬಳಿ, ಇಲ್ಲವೇ ಗೂಟದ ಚೀಲದಲ್ಲಿ. ಅಂಗಳದ ನಾಯಿಗೂ ಅವು ಎಟುಕುತ್ತವೆ. ನಮಗೆ ಪುಷ್ಟಿ ಕೊಡುವುದು ನಾಯಿಗೆ ವಿಷವಾಗಬಹುದು.

ವಾರಕ್ಕೊಂದರಂತೆ ನುಂಗುವ ವಿಟಮಿನ್ ಡಿ ಗುಳಿಗೆಯನ್ನೇ ನೋಡೋಣ. ಒಂದರಲ್ಲಿ 60,000 ಯೂನಿಟ್, ಅಂದರೆ 1.5 ಮಿಲಿಗ್ರಾಂ. ನಾಯಿಯ ತೂಕದ ಕಿಲೋ ಒಂದಕ್ಕೆ 0.1 ಮಿಲಿಗ್ರಾಂ ಮೀರಿದರೆ ವೈದ್ಯರಿಗೆ ತೋರಿಸಲೇಬೇಕು. 10 ಕಿಲೋ ನಾಯಿಗೆ ಒಂದೇ ಗುಳಿಗೆ ಈ ಮಿತಿ ದಾಟುತ್ತದೆ. ನಾಲ್ಕು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಗಳೇ ಕೆಡಬಹುದು. ಮೊದಲ ಕೆಲವು ಗಂಟೆ ನಾಯಿ ಚೆನ್ನಾಗಿಯೇ ಕಾಣುವುದು. ನಾವು ಮೋಸಹೋಗುವುದು ಅಲ್ಲಿಯೇ. ಕಬ್ಬಿಣದ ಗುಳಿಗೆಯದೂ ಅದೇ ಕಪಟ: ವಾಂತಿಯಾಗಿ, ಚೇತರಿಸಿದಂತೆ ಕಂಡು, ಮತ್ತೆ ಕುಸಿಯಬಹುದು.

ಮನೆಯೊಡೆಯರ ನಾಯಿಯಾದರೆ ಹೆದರಿ ಮುಚ್ಚಿಡುವವರುಂಟು. ಹೇಳಿಬಿಡುವುದೇ ಲೇಸು, ಬೈಗುಳ ಒಂದು ದಿನದ್ದು.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, ಉಪ್ಪು ತಾನೇ ಮಾರಕ. ಹಾಲೂ ಬೇಡ. ಎಷ್ಟು ಗುಳಿಗೆ ಹೋಗಿವೆ ಎಂದು ಎಣಿಸಿ, ಖಾಲಿ ಸ್ಟ್ರಿಪ್ಪನ್ನು ಜೇಬಿಗೆ ಹಾಕಿಕೊಂಡು ಕೂಡಲೇ ಹೊರಡತಕ್ಕದ್ದು. ಮಲಯಾಳ ಬಾರದವರು ಆಟೋದವರಿಗೆ ‘ಮೃಗಾಶುಪತ್ರಿ’ ಎಂದರೆ ಸಾಕು. ತಿರುವನಂತಪುರದ ಕುಡಪ್ಪನಕುನ್ನಿನಲ್ಲಿ ದೊಡ್ಡ ಸರಕಾರಿ ಪಶು ಆಸ್ಪತ್ರೆಯೇ ಇದೆ. ಅಲ್ಲಿ ಮಾತು ತಡವರಿಸಿದರೂ ಚಿಂತೆಯಿಲ್ಲ. ಸ್ಟ್ರಿಪ್ಪನ್ನೇ ವೈದ್ಯರ ಕೈಗೆ ಕೊಡಿ.