ಹೂವಾಗಿದ್ದ ಅಕ್ಷರ

ವಿಮಾನ ನಗರದ ಅಂಗಡಿಗಳಲ್ಲಿ ಆಟಿಕೆ, ಮೊಬೈಲು ಮೊದಲಾದುವುಗಳ ಪೆಟ್ಟಿಗೆಗಳ ಮೇಲೆ ಚೀನೀ ಲಿಪಿಯನ್ನು ನಾವೆಲ್ಲರೂ ಕಂಡಿದ್ದೇವೆ. ಕಡ್ಡಿಗಳನ್ನು ಒಟ್ಟಿದಂತೆ ತೋರುವ ಆ ಗುರುತುಗಳಲ್ಲಿ ಒಂದನ್ನಾದರೂ ಅರಿಯೋಣವೆಂದು ಹೊರಟರೆ, ಕನ್ನಡಿಗರೂ ಬಹುಸಂಖ್ಯೆಯಲ್ಲಿರುವ ಸೊಲ್ಲಾಪುರದ ವೈದ್ಯರೊಬ್ಬರ ಹೆಸರಿಗೆ ಸೇರಿಹೋದ 'ಹ್ವಾ' ಎಂಬುದನ್ನು ಆರಿಸಿಕೊಳ್ಳುವುದು ಉಚಿತ.

ನಮ್ಮ 'ಹ'ಕಾರಕ್ಕೆ ಉಚ್ಚಾರವುಂಟು, ಅರ್ಥವಿಲ್ಲ. ಚೀನೀ ಅಕ್ಷರಕ್ಕಾದರೋ ಎರಡೂ ಉಂಟು. ನಾವು ಅಚ್ಚರಿಯಿಂದ 'ಹೌದಾ?' ಎಂದು ಕೇಳುವಂತೆ ದನಿಯೇರಿಸಿ 'ಹ್ವಾ' ಎನ್ನಬೇಕು. ದನಿಯನ್ನಿಳಿಸಿದರೆ ಅದೇ ಅಕ್ಷರ ಒಂದು ಮನೆತನದ ಹೆಸರಾಗುವುದು. ಪ್ರಾಚೀನ ಚೀನದ ಪ್ರಖ್ಯಾತ ವೈದ್ಯ ಹ್ವಾ ತುವೋ ಆ ಹೆಸರಿನವನು.

ಮೊದಲಿಗೆ ಇದು ಹೂಬಿಟ್ಟ ಗಿಡದ ಚಿತ್ರವಾಗಿತ್ತು. ಹೂವಿನಿಂದ ಸೊಬಗು, ವೈಭವ ಎಂಬ ಅರ್ಥಗಳು ಹುಟ್ಟಿದುವು. ಮುಂದೆ ಚೀನರು ತಮ್ಮ ನಾಡನ್ನೇ ಈ ಅಕ್ಷರದಿಂದ ಕರೆದುಕೊಂಡರು. ಹೂವಿಗಾಗಿ ಬೇರೊಂದು ಅಕ್ಷರ ಬಳಕೆಗೆ ಬಂದಿತು. 1956ರಲ್ಲಿ ಚೀನ ಸರಕಾರವು ಲಿಪಿಯನ್ನು ಸರಳಗೊಳಿಸಿದಾಗ 'ಹ್ವಾ'ಕ್ಕೆ ಆರೇ ಗೆರೆಗಳ ರೂಪ ದೊರೆಯಿತು. ಮೇಲ್ಭಾಗ ಉಚ್ಚಾರವನ್ನು ಸೂಚಿಸುತ್ತದೆ. ಕೆಳಗಿನದು ನಮ್ಮ ಕೂಡುವ ಚಿಹ್ನೆಯನ್ನು ಹೋಲುತ್ತದೆ. ಬರೆಯಲು ಸುಲಭವೇನೋ ಆಯಿತು, ಹೂವು ಮಾತ್ರ ಕಾಣದಾಯಿತೆಂದು ನಮಗೆ ತುಸು ಖೇದ. ತೈವಾನಿನಲ್ಲಿ ಹಳೆಯ ರೂಪವನ್ನೇ ಬರೆಯುತ್ತಾರೆ. ನಿತ್ಯದ ಮಾತಿನಲ್ಲಿ ಚೀನೀ ಮೂಲದ ಜನರು 'ಹ್ವಾರೆನ್'. ಬೀಜಿಂಗಿನ ಚಿಂಗ್‌ಹ್ವಾ ವಿಶ್ವವಿದ್ಯಾಲಯದ ಹೆಸರಿನಲ್ಲಿಯೂ ಇದೇ ಅಕ್ಷರವಿದೆ.

ಇನ್ನು ಸೊಲ್ಲಾಪುರದ ಮಾತು. ಅಲ್ಲಿ 1910ರಲ್ಲಿ ಜನಿಸಿದ ಡಾ. ದ್ವಾರಕಾನಾಥ ಕೋಟ್ನೀಸರು, ಜಪಾನಿನ ದಾಳಿಗೆ ತುತ್ತಾಗಿದ್ದ ಚೀನಕ್ಕೆ ಭಾರತದ ಕಾಂಗ್ರೆಸ್ಸು 1938ರಲ್ಲಿ ಕಳುಹಿಸಿದ ಐವರು ವೈದ್ಯರಲ್ಲಿ ಒಬ್ಬರು. ಬರಿಯ ಉಚ್ಚಾರಕ್ಕೆಂದು ಚೀನೀ ಲಿಪಿಯಲ್ಲಿ ಅಕ್ಷರಗಳಿಲ್ಲವಾದುದರಿಂದ, ಪರದೇಶದ ಹೆಸರಿಗೆ ದನಿ ಹೋಲುವ ಅರ್ಥವುಳ್ಳ ಅಕ್ಷರಗಳನ್ನು ಹುಡುಕಬೇಕಾಗುತ್ತದೆ. ಹಾಗೆ ಕೋಟ್ನೀಸರು 'ಕ ದಿ' ಆದರು. 'ದಿ' ಎಂಬುದೊಂದು ಹೂಗಿಡ. ಕೊನೆಗೆ 'ಹ್ವಾ' ಸೇರಿ 'ಕ ದಿಹ್ವಾ' ಎಂದಾಯಿತು. ಈ ಮೂರನೆಯ ಅಕ್ಷರ ಉಚ್ಚಾರಕ್ಕೆ ಬೇಕಿರಲಿಲ್ಲ. ಐವರ ಹೆಸರಿಗೂ ಅದನ್ನು ಸೇರಿಸಿದ್ದುಂಟು.

ಉಳಿದ ನಾಲ್ವರು ತಾಯ್ನಾಡಿಗೆ ಮರಳಿದರು. ಕೋಟ್ನೀಸರು 1941ರಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. ಶುಶ್ರೂಷಾ ಶಿಕ್ಷಕಿ ಗುವೋ ಚಿಂಗ್‌ಲಾನರನ್ನು ವಿವಾಹವಾದರು. 1942ರ ಆಗಸ್ಟಿನಲ್ಲಿ ಹುಟ್ಟಿದ ಮಗುವಿಗೆ 'ಇನ್‌ಹ್ವಾ' ಎಂದು ಹೆಸರಿಟ್ಟರು: 'ಇನ್' ಎಂದರೆ ಭಾರತ, 'ಹ್ವಾ' ಎಂದರೆ ಚೀನ. ಮಗುವಿಗೆ ನಾಲ್ಕು ತಿಂಗಳು ತುಂಬುವ ಮುನ್ನವೇ, ಡಿಸೆಂಬರ್ 9ರಂದು, ತಂದೆ ತೀರಿಕೊಂಡರು. ಆಗ ಅವರಿಗೆ 32 ವರ್ಷ.